ವಿಳಂಬ ಮನ್ನಾ ಅರ್ಜಿ

ನ್ಯಾಯಾಲಯದ ಆವರಣದಲ್ಲಿ ದಿನವಿಡೀ ನಿಂತವನ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಶಬ್ದ ‘ತಾರೀಖು’. ಸಾಕ್ಷಿ ಬಂದಿಲ್ಲ, ತಾರೀಖು ಕೊಡಿ. ಕಾಗದ ಸಿಕ್ಕಿಲ್ಲ, ತಾರೀಖು ಕೊಡಿ. ಹಿರಿಯ ವಕೀಲರಿಗೆ ಮೈಯಲ್ಲಿ ಹುಷಾರಿಲ್ಲ, ತಾರೀಖು ಕೊಡಿ. ಇಪ್ಪತ್ತು ವರ್ಷಗಳಿಂದ ನಾನೂ ಇದೇ ಶಬ್ದವನ್ನು ಜಪಿಸುತ್ತ ಬಂದವನು. ಆದರೆ ನನಗೆ ದೊರೆತ ಅತ್ಯಂತ ದೀರ್ಘವಾದ ತಾರೀಖನ್ನು ಕೊಟ್ಟವರು ಯಾವ ನ್ಯಾಯಾಧೀಶರೂ ಅಲ್ಲ, ನಮ್ಮ ಅವ್ವ. ವ್ಯಾಜ್ಯದ ವಿಷಯ, ಒಂದು ರೆಕಾರ್ಡ್ ಪ್ಲೇಯರು.

ನಮ್ಮ ಮನೆ ಫಾತೋರ್ಡಾದಲ್ಲಿ, ನೆಹರೂ ಕ್ರೀಡಾಂಗಣದಿಂದ ಹತ್ತು ನಿಮಿಷದ ನಡಿಗೆಯ ದೂರದಲ್ಲಿ. ಧಾರವಾಡದ ಕಡೆಯವರಾದ ಅಪ್ಪ ರೈಲ್ವೆಯ ಗೂಡ್ಸ್ ಕಚೇರಿಯ ಗುಮಾಸ್ತರಾಗಿ ಮಡಗಾಂವಿಗೆ ವರ್ಗವಾಗಿ ಬಂದಾಗ ಅವರ ಸಾಮಾನುಗಳಲ್ಲಿ ಎರಡು ಟ್ರಂಕು, ಒಂದು ಬೀಸುವ ಕಲ್ಲು ಮತ್ತು ಒಂದು ಎಚ್‌ಎಂವಿ ಫಿಯೆಸ್ಟಾ ಇದ್ದವಂತೆ. ಫಿಯೆಸ್ಟಾ ಎಂದರೆ ಎಪ್ಪತ್ತರ ದಶಕದಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಬಂದ ಹಗುರವಾದ, ಕೈಯಲ್ಲಿ ಹಿಡಿದೊಯ್ಯಬಹುದಾದ ಪ್ಲೇಯರು. ಅದರೊಂದಿಗೆ ನಲವತ್ತರಷ್ಟು ರೆಕಾರ್ಡುಗಳು: ರಾಜಕುಮಾರರ ಚಿತ್ರಗೀತೆಗಳ ಚಿಕ್ಕ ತಟ್ಟೆಗಳು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಮತ್ತು ಎಲ್ಲಕ್ಕಿಂತ ಮೇಲಾಗಿ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಗಳು. 1989ರಲ್ಲಿ ಕ್ರೀಡಾಂಗಣ ತೆರೆದ ಹೊಸದರಲ್ಲಿ, ಫುಟ್‌ಬಾಲ್ ಪಂದ್ಯವಿದ್ದ ಸಂಜೆಗಳಲ್ಲಿ ಜನರ ಕೂಗು ಅಲೆಅಲೆಯಾಗಿ ನಮ್ಮ ಪಡಸಾಲೆಗೆ ಬರುತ್ತಿತ್ತು. ಅಪ್ಪ ಆಗ ಕಿಟಕಿ ಮುಚ್ಚಿ, ರೆಕಾರ್ಡನ್ನು ಅಂಚಿನಲ್ಲಿ ಹಿಡಿದು, ಧೋತರದ ಸೆರಗಿನಿಂದ ಒರೆಸಿ, ಸೂಜಿಯನ್ನು ಮೆಲ್ಲನೆ ಇಳಿಸುತ್ತಿದ್ದರು. ಅಡಿಗೆಮನೆಯ ಕೆಲಸ ಮುಗಿಸಿ ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ಕೂಡುತ್ತಿದ್ದಳು. ನನಗೆ ನೆನಪಿರುವ ಸಂಸಾರದ ಸುಖವೆಂದರೆ ಅಷ್ಟೇ.

ಅಪ್ಪ ತೀರಿಕೊಳ್ಳುವ ಎರಡು ವರ್ಷ ಮೊದಲೇ ಫಿಯೆಸ್ಟಾ ಕೆಟ್ಟು ನಿಂತಿತ್ತು. ಅವರ ತರುವಾಯ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದೆವು. ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲೇ ಕುಳಿತು ಬೇಸತ್ತ ಅವ್ವ ಒಂದು ದಿನ, “ಆ ಪೆಟ್ಟಿಗಿ ಯಾವಾಗ ಹಚ್ಚತೀಯೋ?” ಎಂದಳು. “ರಿಪೇರಿ ಮಾಡಸ್ತೀನವ್ವಾ, ಸ್ವಲ್ಪ ತಡಿ” ಎಂದೆ. ಮೊದಲ ತಾರೀಖು ಅಲ್ಲಿ ಬಿದ್ದಿತು.

ರಿಪೇರಿಗೆ ಯಾರ ಬಳಿ ಕೊಡಲಿ ಎಂದು ವಿಚಾರಿಸುತ್ತ ಹೋದವನಿಗೆ ಮಡಗಾಂವಿನ ಕೆಲವು ಧ್ವನಿಪ್ರಿಯರ ಪರಿಚಯವಾಯಿತು. ನಿವೃತ್ತ ಬ್ಯಾಂಕ್ ಅಧಿಕಾರಿ ಒಬ್ಬರು, ದಂತವೈದ್ಯರೊಬ್ಬರು, ಬೆಳಗಾವಿ ಕಡೆಯ ಇಂಜಿನಿಯರ್ ಒಬ್ಬರು, ಚರ್ಚಿನ ಗಾಯನವೃಂದಕ್ಕೆ ಪಾಠ ಹೇಳುವ ಪಿಟೀಲು ಮೇಷ್ಟ್ರು ಒಬ್ಬರು. ಭಾನುವಾರ ಮುಂಜಾನೆ ಬ್ಯಾಂಕ್ ಅಧಿಕಾರಿಗಳ ಮನೆಯಲ್ಲಿ ಕೊಂಕಣಿ, ಮರಾಠಿ, ಇಂಗ್ಲಿಷುಗಳ ಮಿಶ್ರಣದಲ್ಲಿ ಸಭೆ ನಡೆಯುತ್ತಿತ್ತು. ನನ್ನ ಫಿಯೆಸ್ಟಾ ವೃತ್ತಾಂತ ಕೇಳಿ ಅವರೆಲ್ಲ ಗಾಬರಿಯಾದರು. “ಅದರ ಸೂಜಿಯ ಭಾರ ಬಹಳ. ಇಂದಿನ ಒಳ್ಳೆಯ ಕಾರ್ಟ್ರಿಜ್ಜುಗಳು ಸುಮಾರು ಎರಡು ಗ್ರಾಂ ಭಾರದಲ್ಲಿ ಓಡುತ್ತವೆ. ತಂದೆಯವರ ರೆಕಾರ್ಡುಗಳನ್ನು ಅದರ ಮೇಲೆ ಹಾಕಿದರೆ ಗೀರುಗಳೆಲ್ಲ ಕೆತ್ತಿಹೋದಾವು. ಮೊದಲು ಯೋಗ್ಯವಾದ ಟರ್ನ್‌ಟೇಬಲ್ ಕೊಳ್ಳಿ” ಎಂದರು. ಮಾತು ಸುಳ್ಳಾಗಿರಲಿಲ್ಲ. ನಾನು ಹಣ ಕೂಡಿಸತೊಡಗಿದೆ, ಓದತೊಡಗಿದೆ.

ಓದಿದಷ್ಟೂ ಆ ಯಂತ್ರದ ಬಗೆಗೆ ಗೌರವ ಹೆಚ್ಚಿತು. ಟರ್ನ್‌ಟೇಬಲ್ಲಿನ ಕೆಲಸ ಎರಡೇ: ತಟ್ಟೆಯನ್ನು ನಿಮಿಷಕ್ಕೆ ಸರಿಯಾಗಿ 33⅓ ಸುತ್ತು ತಿರುಗಿಸುವುದು, ಮತ್ತು ತನ್ನ ಮೋಟಾರಿನದಾಗಲಿ ನೆಲದ್ದಾಗಲಿ ಯಾವ ನಡುಕವೂ ಸೂಜಿಗೆ ತಲುಪದಂತೆ ನೋಡಿಕೊಳ್ಳುವುದು. ಎಲ್‌ಪಿಯ ಒಂದು ಬದಿಯಲ್ಲಿ ನಮಗೆ ಕಾಣುವ ನೂರಾರು ವೃತ್ತಗಳು ನಿಜಕ್ಕೂ ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುವ ಒಂದೇ ಗೆರೆ. ಇಪ್ಪತ್ತು ನಿಮಿಷದ ಸಂಗೀತವಿರುವ ಬದಿಯ ಗೆರೆಯನ್ನು ಎಳೆದು ಬಿಡಿಸಿದರೆ ಅದು ನಾನೂರು ಮೀಟರಿಗೂ ಮಿಗಿಲು, ಎಂದರೆ ಓಟದ ಮೈದಾನದ ಒಂದು ಪೂರ್ತಿ ಸುತ್ತು! ಆ ದಾರಿಯುದ್ದಕ್ಕೂ ಕೂದಲೆಳೆಗಿಂತ ಸಣ್ಣ ಬಾಗುಬಳುಕುಗಳನ್ನು ಸೂಜಿ ಓದುತ್ತ ಹೋಗಬೇಕು. ಇಂತಹ ಸೂಕ್ಷ್ಮ ಕೆಲಸಕ್ಕೆ ಬೆಲೆ ಕೊಡಬೇಕಾದುದು ನ್ಯಾಯವೇ. ಆದರೆ ಎಷ್ಟು?

ಈ ಪ್ರಶ್ನೆ ನಮ್ಮ ಗುಂಪನ್ನು ಒಡೆದದ್ದು 2023ರಲ್ಲಿ. ಸ್ಕಾಟ್‌ಲೆಂಡಿನ ಗ್ಲಾಸ್ಗೋ ಮೂಲದ ಲಿನ್ ಸಂಸ್ಥೆ ತನ್ನ ಪ್ರಸಿದ್ಧ ಸೊಂಡೆಕ್ ಎಲ್‌ಪಿ12 ಟರ್ನ್‌ಟೇಬಲ್ಲಿಗೆ ಐವತ್ತು ವರ್ಷ ತುಂಬಿದ ನೆನಪಿಗೆ ‘ಎಲ್‌ಪಿ12-50’ ಎಂಬ ವಿಶೇಷ ಆವೃತ್ತಿಯನ್ನು ಹೊರತಂದಿತು. ಐಫೋನಿಗೆ ರೂಪ ಕೊಟ್ಟ ಜೋನಿ ಐವ್ ಅವರ ಲವ್‌ಫ್ರಮ್ ತಂಡ ಇದರ ವಿನ್ಯಾಸದಲ್ಲಿ ಕೈಗೂಡಿಸಿತ್ತು. ತಯಾರಾಗುವುದು 250 ಮಾತ್ರ. ಒಂದರ ಬೆಲೆ 50,000 ಪೌಂಡ್, ನಮ್ಮ ಲೆಕ್ಕದಲ್ಲಿ ಸುಂಕ ಸೇರಿಸುವ ಮೊದಲೇ ಅರ್ಧ ಕೋಟಿ ರೂಪಾಯಿ.

ಇಂಜಿನಿಯರರು ಕೆರಳಿದರು. ಧ್ವನಿ ಸುಧಾರಿಸುವುದು ಬೇರಿಂಗಿನಿಂದ, ಮೋಟಾರಿನಿಂದ, ಸೂಜಿ ಹೊತ್ತ ತೋಳಿನಿಂದ. ಗುಂಡಿಯ ಆಕಾರಕ್ಕೂ ಪೆಟ್ಟಿಗೆಯ ಮೂಲೆಯ ನುಣುಪಿಗೂ ಹಣ ತೆರುವವರು ಕಿವಿಯಿಂದ ಕೇಳುವವರಲ್ಲ, ಕಣ್ಣಿನಿಂದ ಕೇಳುವವರು ಎಂದರು. ದಂತವೈದ್ಯರು ಒಪ್ಪಲಿಲ್ಲ. 1973ರಲ್ಲಿ ಕೊಂಡ ಎಲ್‌ಪಿ12ಕ್ಕೂ ಇಂದಿನ ಹೊಸ ಭಾಗಗಳನ್ನು ಜೋಡಿಸಬಹುದು. ಐವತ್ತು ವರ್ಷ ಹಳೆಯ ಗಿರಾಕಿಯನ್ನು ಕೈಬಿಡದ ಕಂಪನಿ ಇನ್ನಾವುದಿದೆ, ದೇವರ ಪಲ್ಲಕ್ಕಿಗೆ ಬೆಳ್ಳಿ ಹೊದಿಸುವಾಗ ನಾವು ಲೆಕ್ಕ ಕೇಳುತ್ತೇವೆಯೇ ಎಂಬುದು ಅವರ ವಾದ. ಬ್ಯಾಂಕ್ ಅಧಿಕಾರಿಗಳು ಲಕೋಟೆಯ ಹಿಂಬದಿಯಲ್ಲಿ ಗುಣಾಕಾರ ಮಾಡಿ, ಒಟ್ಟು ಒಂದೂಕಾಲು ಕೋಟಿ ಪೌಂಡ್, ಎಂದರೆ ನೂರು ಕೋಟಿ ರೂಪಾಯಿಗೂ ಮಿಕ್ಕಿದ ವ್ಯಾಪಾರ ಎಂದು ನಿಟ್ಟುಸಿರಿಟ್ಟರು. ನಾನು ವಕೀಲ, ಎರಡೂ ಪಕ್ಷದ ಪರ ವಾದಿಸಬಲ್ಲೆ. ಹಿಂದಿನ ತೀರ್ಪನ್ನು ಉದಾಹರಿಸುವಂತೆ ಟೆಕ್ನಿಕ್ಸ್ ಕಂಪನಿಯ ಪ್ರಸಂಗವನ್ನು ಮುಂದಿಟ್ಟೆ. 1972ರಿಂದ ಹೆಸರಾದ ತನ್ನ ಎಸ್‌ಎಲ್-1200 ಮಾದರಿಯನ್ನು ಆ ಕಂಪನಿ 2010ರಲ್ಲಿ ನಿಲ್ಲಿಸಿದಾಗ ಅಭಿಮಾನಿಗಳು ಮರುಗಿದ್ದರು. 2016ರಲ್ಲಿ 1,200 ಯಂತ್ರಗಳ ದುಬಾರಿ ಆವೃತ್ತಿಯಾಗಿ ಅದು ಮರಳಿದಾಗ ಅದೇ ಅಭಿಮಾನಿಗಳಲ್ಲಿ ಹಲವರು ಸಿಟ್ಟಾಗಿದ್ದರು. ಜನಸಾಮಾನ್ಯರ ಗೆಳೆಯನಾಗಿದ್ದ ಯಂತ್ರವೊಂದು ಧನಿಕರ ಪ್ರದರ್ಶನದ ವಸ್ತುವಾದಾಗ ಹುಟ್ಟುವ ಸಿಟ್ಟು ಹೊಟ್ಟೆಕಿಚ್ಚಲ್ಲ, ಅದೊಂದು ಬಗೆಯ ವಿರಹ ಎಂದೆ. ನನ್ನ ಮಾತು ನನಗೇ ಚೆನ್ನಾಗಿ ಕೇಳಿಸಿತು.

ಅಷ್ಟರಲ್ಲಿ ತಡವಾಗಿ ಬಂದ ಪಿಟೀಲು ಮೇಷ್ಟ್ರು ಮೂಲೆಯಲ್ಲಿ ಕುಳಿತು, “ಇವತ್ತು ಏನು ಕೇಳಿದಿರಿ?” ಎಂದರು. ಯಾರೂ ಉತ್ತರ ಕೊಡಲಿಲ್ಲ. ಎರಡು ಗಂಟೆಗಳ ಹಿಂದೆ ತಟ್ಟೆಯ ಮೇಲಿಟ್ಟ ರೆಕಾರ್ಡು ಹಾಗೆಯೇ ಇತ್ತು, ಸೂಜಿ ಇಳಿದಿರಲಿಲ್ಲ.

ಆ ಹೊತ್ತಿನಲ್ಲಿ ನಾನೂ ನಕ್ಕೆ. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕುಳಿತಿದ್ದಳು. “ಹಾಡಿನ ಮಂದಿ ಕಡೆ ಹೋಗಿದ್ದೇನು? ನಮ್ಮದು ಯಾವಾಗ?” ಎಂದಳು. ನಾನು ತಗ್ಗಿದ ದನಿಯಲ್ಲಿ ಏನೋ ಹೇಳಿದೆ. ಅವಳು “ಆಂ?” ಎಂದಳು. ಮತ್ತೆ ಹೇಳಿದೆ. ಮತ್ತೆ “ಆಂ?” ಎಂದಳು. ಕೇಳಿಸದ್ದಕ್ಕೆ ಹೀಗೆನ್ನುತ್ತಿದ್ದಾಳೆಂದು ಅಂದು ನನಗೆ ಹೊಳೆಯಲಿಲ್ಲ. ನನ್ನ ಕಿವಿಯಲ್ಲಿ ಇನ್ನೂ ನನ್ನದೇ ವಾದ ಮೊಳಗುತ್ತಿತ್ತು.

ನಮ್ಮ ಈ ಚರ್ಚೆಗಳನ್ನು ಕೇಳಿಸಿಕೊಂಡಿದ್ದ ಮಗಳು ಒಂದು ರಾತ್ರಿ ಊಟದ ಹೊತ್ತಿನಲ್ಲಿ, “ಅಪ್ಪಾ, ಜಗತ್ತಿನಾಗ ಎಲ್ಲಾಕ್ಕಿಂತ ಭಾರಿ ರೆಕಾರ್ಡ್ ಯಾವುದು?” ಎಂದಳು. ಅವಳು ಕನ್ನಡ ಶಾಲೆಯ ಏಳನೆಯ ತರಗತಿಯವಳು. ನಾನು ಅವಳಿಗೆ ವಾಯೇಜರ್ ನೌಕೆಗಳ ಕಥೆ ಹೇಳಿದೆ. 1977ರಲ್ಲಿ ಅಮೆರಿಕದ ನಾಸಾ ಹಾರಿಬಿಟ್ಟ ಎರಡು ನೌಕೆಗಳಲ್ಲೂ ಚಿನ್ನದ ಲೇಪವಿರುವ ತಾಮ್ರದ ಒಂದೊಂದು ರೆಕಾರ್ಡು ಇದೆ. ಅದು ನಿಮಿಷಕ್ಕೆ 16⅔ ಸುತ್ತು ತಿರುಗಬೇಕು. ಜೊತೆಗೆ ಟರ್ನ್‌ಟೇಬಲ್ ಇಲ್ಲ. ಕಾರ್ಟ್ರಿಜ್ಜು, ಸೂಜಿ ಮತ್ತು ಹೇಗೆ ನುಡಿಸಬೇಕೆಂದು ಮುಚ್ಚಳದ ಮೇಲೆ ಕೊರೆದ ಚಿತ್ರಗಳು ಮಾತ್ರ ಇವೆ. ಅನ್ಯಲೋಕದ ಜೀವಿಗಳಿಗೆ ಸಿಕ್ಕರೆ ಅವರೇ ಯಂತ್ರ ಮಾಡಿಕೊಳ್ಳಬೇಕು. ಅದರಲ್ಲಿರುವ ಭಾರತೀಯ ಸಂಗೀತವೆಂದರೆ ನಮ್ಮ ಗೋವೆಯ ಫೋಂಡಾ ತಾಲ್ಲೂಕಿನ ಕೇರಿ ಗ್ರಾಮದಲ್ಲಿ ಹುಟ್ಟಿದ ಸುರಶ್ರೀ ಕೇಸರಬಾಯಿ ಕೇರಕರರು ಹಾಡಿದ ಭೈರವಿ. ವಾಯೇಜರ್ 1 ಹೊರಟದ್ದು ಸೆಪ್ಟೆಂಬರ್ 5ರಂದು. ಕೇಸರಬಾಯಿಯವರು ಕಣ್ಮುಚ್ಚಿದ್ದು ಅದೇ ತಿಂಗಳ 16ರಂದು. ಅವರು ಅಲ್ಲಾದಿಯಾ ಖಾನರ ಶಿಷ್ಯೆ. ಅದೇ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರ ಬಳಿ ಕಲಿತವರು ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು. ಎಂದರೆ ನಮ್ಮ ಅಟ್ಟದ ಮೇಲಿರುವ ಅಜ್ಜನ ರೆಕಾರ್ಡಿಗೂ ನಕ್ಷತ್ರಗಳ ನಡುವೆ ತೇಲುತ್ತಿರುವ ರೆಕಾರ್ಡಿಗೂ ಒಂದೇ ಮನೆತನದ ಸಂಬಂಧ.

“ಇನ್ನೊಂದು ಕೇಳು” ಎಂದೆ. “ಆ ರೆಕಾರ್ಡಿನಲ್ಲಿ ಜಗತ್ತಿನ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು.” ಅವಳು ತುತ್ತನ್ನು ಕೈಯಲ್ಲೇ ಹಿಡಿದು, “ಖರೇನ?” ಎಂದಳು. ಮರುದಿನ ಶಾಲೆಯಲ್ಲಿ ಎಲ್ಲರಿಗೂ ಹೇಳಿ ಬಂದಳು. ಸಂಜೆ ಮತ್ತೆ ಕೇಳಿದಳು: “ಅದನ್ನ ಯಾರಾದರೂ ಯಾವಾಗ ಕೇಳತಾರ?” ವಾಯೇಜರ್ 1 ಇನ್ನೊಂದು ನಕ್ಷತ್ರದ ನೆರೆಗೆ ಹೋಗಲು ಸುಮಾರು ನಲವತ್ತು ಸಾವಿರ ವರ್ಷ ಬೇಕು ಎಂದೆ. ಅವಳು ಸ್ವಲ್ಪ ಯೋಚಿಸಿ, “ಹಂಗಾರ ನಮ್ಮ ಅಜ್ಜಿ ರೆಕಾರ್ಡಿಗೆ ಎಷ್ಟು ವರ್ಷ?” ಎಂದಳು. ಅವಳು ಚೇಷ್ಟೆ ಮಾಡಲಿಲ್ಲ, ಲೆಕ್ಕ ಕೇಳಿದಳು. ನಲವತ್ತು ಸಾವಿರ ವರ್ಷಗಳಾಚೆಯ, ಇರುವರೋ ಇಲ್ಲವೋ ತಿಳಿಯದ ಕೇಳುಗರಿಗಾಗಿ ಅವರು ಸೂಜಿಯನ್ನೂ ಜೊತೆಗಿಟ್ಟು ಕಳಿಸಿದ್ದರು. ನನ್ನ ಕೇಳುಗಳು ಪಕ್ಕದ ಕೋಣೆಯಲ್ಲೇ ಇದ್ದಳು.

ಆದರೂ ನಾನು ಎಚ್ಚರಗೊಳ್ಳಲಿಲ್ಲ. ಇನ್ನೂ ಇಪ್ಪತ್ತು ಸಾವಿರ ಕೂಡಿದರೆ ಒಳ್ಳೆಯ ಯಂತ್ರವೇ ಬರುತ್ತದೆಂದು ಮುಂದಿನ ದೀಪಾವಳಿಗೆ ತಾರೀಖು ಹಾಕಿಕೊಂಡೆ. ಈ ನಡುವೆ ರೆಕಾರ್ಡುಗಳ ಯೋಗಕ್ಷೇಮವನ್ನಂತೂ ಚೆನ್ನಾಗಿ ನೋಡಿಕೊಂಡೆ. ಹಳೆಯ ಕಾಗದದ ಒಳಚೀಲಗಳು ಧೂಳು ಹಿಡಿದು ರೆಕಾರ್ಡಿಗೆ ಗೀರು ಮಾಡುತ್ತವೆಂದು ಗೆಳೆಯರು ಹೇಳಿದ್ದರಿಂದ ಎಲ್ಲವನ್ನೂ ತೆಗೆದು, ಹೊಸ ಪ್ಲಾಸ್ಟಿಕ್ ಚೀಲಗಳನ್ನು ತರಿಸಿ ಹಾಕಿದೆ. ಹಳೆಯ ಕಾಗದಗಳನ್ನು ಕಟ್ಟು ಕಟ್ಟಿ ರದ್ದಿಗೆಂದು ಬದಿಗಿರಿಸಿದೆ. ತೆರೆದು ನೋಡಲಿಲ್ಲ.

ದೀಪಾವಳಿಗೆ ಮುಂಚೆ ಅವ್ವನನ್ನು ಕಿವಿಯ ವೈದ್ಯರ ಬಳಿ ಕರೆದೊಯ್ಯಬೇಕಾಯಿತು. ಅವಳಿಗೆ ಆಗ ಎಪ್ಪತ್ತೆಂಟು. ಪರೀಕ್ಷೆಯ ಕಾಗದದಲ್ಲಿ ಗೆರೆ ಎಡದಿಂದ ಬಲಕ್ಕೆ ಕಡಿದಾಗಿ ಇಳಿದಿತ್ತು. ಎತ್ತರದ ಸ್ವರಗಳು ಹೆಚ್ಚುಕಡಿಮೆ ಹೋಗಿಬಿಟ್ಟಿವೆ, ಯಂತ್ರ ಹಾಕಿದರೆ ಮಾತು ತಕ್ಕಮಟ್ಟಿಗೆ ತಿಳಿದೀತು, ಸಂಗೀತ ಮಾತ್ರ ಮೊದಲಿನಂತೆ ಕೇಳಿಸಲಾರದು ಎಂದು ವೈದ್ಯರು ಹೇಳಿದರು. “ಮೂರು ನಾಲ್ಕು ವರ್ಷಗಳಿಂದ ಕಡಿಮೆಯಾಗುತ್ತ ಬಂದಿರಬೇಕು” ಎಂದೂ ಸೇರಿಸಿದರು. ನಾನು ಟರ್ನ್‌ಟೇಬಲ್ಲುಗಳ ಬಗ್ಗೆ ಓದುತ್ತಿದ್ದ ವರ್ಷಗಳು ಅವೇ.

ಹಬ್ಬದ ಶುಚಿಕಾರ್ಯದಲ್ಲಿ ರದ್ದಿಯ ಕಟ್ಟು ಮಗನ ಕೈಗೆ ಸಿಕ್ಕಿತು. ಅವನು ಮಾರಲು ಒಯ್ಯುವ ಮುನ್ನ ಒಂದು ಚೀಲವನ್ನು ತಿರುಗಿಸಿ, “ಇದರ ಮೇಲೆ ಏನೋ ಬರದದ” ಎಂದ. ಅವನಿಗೆ ಓದಲಾಗಲಿಲ್ಲ. ಇಲ್ಲೊಂದು ತಪ್ಪೊಪ್ಪಿಗೆ ಮಾಡಬೇಕು. ಹಿರಿಯವನಾದ ಅವನನ್ನು ನಾನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೆ. ಮೊದಲು ಇಂಗ್ಲಿಷ್ ಗಟ್ಟಿಯಾಗಲಿ, ಕನ್ನಡದ ಅಕ್ಷರ ಮನೆಯಲ್ಲಿ ಮುಂದೆ ಕಲಿಸಿದರಾಯಿತು ಎಂದಿದ್ದೆ. ಆ ‘ಮುಂದೆ’ ಬರಲಿಲ್ಲ. ಅವನು ಕನ್ನಡವನ್ನು ಅರಳು ಹುರಿದಂತೆ ಮಾತಾಡುತ್ತಾನೆ. ಅಕ್ಷರ ಕಂಡರೆ ನಿಂತುಬಿಡುತ್ತಾನೆ. ಕಿರಿಯವಳನ್ನು ಕನ್ನಡ ಶಾಲೆಗೆ ಕಳಿಸುವಾಗ ನನಗೆ ಬುದ್ಧಿ ಬಂದಿತ್ತೆನ್ನಬಹುದು, ಅಥವಾ ಅವ್ವ ಹಟ ಹಿಡಿದಿದ್ದಳೆನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ.

ತಂಗಿ ಬಂದು ಅಣ್ಣನ ಕೈಯಿಂದ ಕಾಗದ ಇಸಿದುಕೊಂಡಳು. ಅಪ್ಪನ ಅಕ್ಷರ, ಗೂಡ್ಸ್ ಕಚೇರಿಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದಂತೆ ಗುಂಡಗೆ, ನೀಲಿ ಶಾಯಿಯಲ್ಲಿ. ಕೊಂಡ ಊರು, ಕೊಂಡ ದಿನ, ಕೊಟ್ಟ ದುಡ್ಡು ಎಲ್ಲ ಇದ್ದವು. ಒಂದರ ಮೇಲೆ ‘ಪಗಾರದ ದಿನ’ ಎಂದಿತ್ತು. ಇನ್ನೊಂದರ ಮೇಲೆ ‘ಸೂಜಿ ಜಿಗಿಯುತ್ತದೆ, ಎರಡನೇ ಹಾಡಿಗೆ ಎಚ್ಚರ’ ಎಂದಿತ್ತು. ಮನ್ಸೂರರ ಎಲ್‌ಪಿಯ ಚೀಲದ ಮೇಲೆ ಮೂರು ಸಾಲು. ಮಗಳು ಅಜ್ಜಿಯ ಪಕ್ಕ ಕುಳಿತು, ಕಿವಿಯ ಯಂತ್ರದ ಹತ್ತಿರ ಬಾಯಿಟ್ಟು, ಪಾಠ ಓದುವ ದನಿಯಲ್ಲಿ ಒಂದೊಂದೇ ಶಬ್ದ ಬಿಡಿಸಿ ಓದಿದಳು: “ಎರಡನೇ ಬದಿ ಆಕಿಗೆ ಸೇರತದ. ಆಕಿ ಅಡಿಗಿ ಮುಗಿಸಿ ಬರೂತನಕ ಹಚ್ಚಬಾರದು. ನಾನು ಮರೀಬಾರದು.”

ಅವ್ವ “ಆಂ?” ಎಂದಳು. ಮಗಳು ಮತ್ತೆ ಓದಿದಳು. ಅವ್ವ ಕಾಗದವನ್ನು ಕೈಗೆ ತೆಗೆದುಕೊಂಡು, ಕನ್ನಡಕವಿಲ್ಲದೆ ಅದರ ಮೇಲೆ ಬೆರಳಾಡಿಸಿದಳು. “ಹಂಗಂತ ಬರದಾರೇನು?” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ನಾ ಏನೋ, ನಾ ಬಂದು ಕೂಡೂದಕ್ಕೂ ಆ ಬದಿ ಬರೂದಕ್ಕೂ ದಿನಾ ಸರಿಹೋಗ್ತದಲ್ಲಾ ಅಂತಿದ್ದೆ” ಎಂದು ನಕ್ಕಳು. ನಲವತ್ತು ವರ್ಷ ಅವಳು ಕಾಕತಾಳೀಯವೆಂದು ತಿಳಿದದ್ದು, ಒಬ್ಬ ಗುಮಾಸ್ತ ತನಗೆ ತಾನೇ ಬರೆದುಕೊಂಡ ಆಜ್ಞೆಯಾಗಿತ್ತು.

ಮರುವಾರ ಫಿಯೆಸ್ಟಾವನ್ನು ಅಟ್ಟದಿಂದ ಇಳಿಸಿ ಮಡಗಾಂವಿನ ಹಳೆಯ ರೇಡಿಯೊ ರಿಪೇರಿಯವನ ಬಳಿಗೆ ಒಯ್ದೆ. ಅವನು ಗಟ್ಟಿಯಾಗಿದ್ದ ರಬ್ಬರಿನ ಭಾಗ ಬದಲಿಸಿ, ಹೊಸ ಸೂಜಿ ಹಾಕಿ, ಎಂಟುನೂರೈವತ್ತು ರೂಪಾಯಿ ತೆಗೆದುಕೊಂಡ. ಮೂರು ದಿನದ ಕೆಲಸ. ನಾನು ಮೂರು ವರ್ಷ ತೆಗೆದುಕೊಂಡಿದ್ದೆ. ಅಂದು ಸಂಜೆ ಅಡಿಗೆ ಮುಗಿಯುವವರೆಗೆ ಕಾದು, ಎರಡನೆಯ ಬದಿಯನ್ನು ಹಾಕಿದೆ. ಚಟಚಟ ಸದ್ದಿತ್ತು, ವೇಗವೂ ಕೊಂಚ ಅತ್ತಿತ್ತಲಾಗುತ್ತಿತ್ತು; ಧ್ವನಿಪ್ರಿಯ ಗೆಳೆಯರು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅವ್ವ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು ಕುಳಿತಳು. ತಬಲಾ ಮಾತ್ರ ತಿಳಿಯುತ್ತದೆ, ಬುವಾ ಹಾಡುವುದು ದೂರದಲ್ಲಿ ಯಾರೋ ಕರೆದಂತಿದೆ ಎಂದಳು. ಕೊನೆಯವರೆಗೂ ಏಳಲಿಲ್ಲ.

ಕಾನೂನಿನಲ್ಲಿ 1963ರ ಕಾಲಮಿತಿ ಅಧಿನಿಯಮ ಎಂಬುದೊಂದಿದೆ. ಬರಬೇಕಾದ ಸಾಲವನ್ನು ನೀವು ಅವಧಿಯೊಳಗೆ ಕೇಳದಿದ್ದರೆ ನಿಮ್ಮ ಹಕ್ಕು ಸಾಯುವುದಿಲ್ಲ. ಅದನ್ನು ವಸೂಲು ಮಾಡುವ ದಾರಿ ಮುಚ್ಚಿಹೋಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಇದು ಬರಿಯ ಕೂದಲು ಸೀಳುವ ಮಾತೆಂದು ನನಗೆ ತೋರಿತ್ತು. ಈಗ ಅರ್ಥವಾಗಿದೆ. ಆ ಸಂಗೀತದ ಮೇಲೆ ಅವ್ವನ ಹಕ್ಕು ಇಂದಿಗೂ ಹಾಗೆಯೇ ಇದೆ, ದಾರಿ ಮುಚ್ಚಿಕೊಂಡಿದೆ. ಅದೇ ಅಧಿನಿಯಮದ 5ನೆಯ ಕಲಮಿನಂತೆ ತಡವಾಗಿ ಬಂದ ಮೇಲ್ಮನವಿಗಾರ ವಿಳಂಬ ಮನ್ನಾ ಮಾಡಿರೆಂದು ಬೇಡಬಹುದು, ಆದರೆ ಸಾಕಷ್ಟು ಕಾರಣ ತೋರಿಸಬೇಕು. ನನ್ನ ಬಳಿ ಇರುವ ಕಾರಣವೇನು? ಇನ್ನೂ ಉತ್ತಮ ಯಂತ್ರಕ್ಕಾಗಿ ಕಾಯುತ್ತಿದ್ದೆ ಎಂಬುದೇ? ಅರ್ಧ ಕೋಟಿಯ ಯಂತ್ರದ ಮೇಲೆ ನಾನು ತೋರಿದ ಕೋಪದ ಬುಡದಲ್ಲಿ ಈ ನೆಪವೇ ಇತ್ತೆಂದು ಕಾಣುತ್ತದೆ. ಅಷ್ಟು ದೊಡ್ಡ ಬೆಲೆಯ ಬಗ್ಗೆ ವಾದಿಸುತ್ತಿರುವವರೆಗೆ ಎಂಟುನೂರೈವತ್ತು ರೂಪಾಯಿಯ ಕೆಲಸ ನೆನಪಾಗುವುದಿಲ್ಲ.

ಹೊರನಾಡಿನಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ನಮ್ಮಂತಹ ಮನೆಗಳಲ್ಲಿ ಈ ಬಗೆಯ ತಾರೀಖುಗಳು ಬಹಳ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ 1956ರಿಂದ ಹೇಳುತ್ತಿದೆ. ಕಟ್ಟಡ ಸರಿಯಾಗಲಿ, ಶಿಕ್ಷಕರು ಬರಲಿ, ಪುಸ್ತಕ ವೇಳೆಗೆ ಸಿಗಲಿ ಎಂದು ನಾವು ಬೇಡುವುದು ನ್ಯಾಯ, ಬೇಡುತ್ತಲೇ ಇರಬೇಕು. ಆದರೆ ಅವೆಲ್ಲ ಸರಿಯಾಗುವವರೆಗೆ ಮನೆಯ ಹಿರಿಯರ ಕಿವಿ ಕಾಯುವುದಿಲ್ಲ.

ಕಳೆದ ತಿಂಗಳು ಮಗ ತಂಗಿಯ ಮೂರನೆಯ ತರಗತಿಯ ಹಳೆಯ ಪಠ್ಯಪುಸ್ತಕ ತೆಗೆದುಕೊಂಡು ಕುಳಿತ. ಒತ್ತಕ್ಷರ ಬಂದಲ್ಲಿ ತಡವರಿಸುತ್ತಾನೆ, ತಂಗಿ ಬೈಯುತ್ತಾಳೆ. ಉಳಿದ ಮೂವತ್ತೊಂಬತ್ತು ಚೀಲಗಳನ್ನು ತಾನೇ ಅಜ್ಜಿಗೆ ಓದಿ ಹೇಳಬೇಕೆಂಬುದು ಅವನ ಹಟ. ವಾರಕ್ಕೊಂದರಂತೆ ಈಗ ನಾಲ್ಕು ಮುಗಿದಿವೆ. ಅವನು ತಪ್ಪಿದಲ್ಲಿ ಅವ್ವ ತಿದ್ದುವುದಿಲ್ಲ. ಅವಳಿಗೆ ಪೂರ್ತಿ ಕೇಳಿಸುವುದೂ ಇಲ್ಲ. ಓದಿ ಮುಗಿಸಿದ ಮೇಲೆ ಮಾತ್ರ, “ಇನ್ನೊಮ್ಮೆ ಓದೋ” ಎನ್ನುತ್ತಾಳೆ. ಅವನು ಓದುತ್ತಾನೆ. ಟರ್ನ್‌ಟೇಬಲ್ಲಿಗೆಂದು ಕೂಡಿಸಿದ ಹಣ ಹಾಗೆಯೇ ಇದೆ. ಅದನ್ನು ಏನು ಮಾಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ; ಅದಕ್ಕೆ ಮಾತ್ರ ಒಂದು ತಾರೀಖು ಪಡೆಯಬಹುದು.